ಗೆದ್ದ ರಾಜರು ಹಳೆ ಅರಮನೆ ಬಿಟ್ಟು ಹೊಸದನ್ನೇ ಯಾಕೆ ಕಟ್ಟುತ್ತಿದ್ದರು? ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪಿ, ಬಿಜಾಪುರ, ಶ್ರೀರಂಗಪಟ್ಟಣ ನೋಡಿ ಬಂದವರಲ್ಲಿ ತುಂಬಾ ಜನ ಇದನ್ನೇ ಕೇಳುತ್ತಾರೆ. ಅಷ್ಟು ದುಡ್ಡು ಸುರಿದು ಕಟ್ಟಿದ ಅರಮನೆ ಕೈಗೆ ಸಿಕ್ಕಿದ ಮೇಲೆ ಅದರಲ್ಲೇ ಇರಬಹುದಿತ್ತಲ್ಲ, ಯಾಕೆ ಕೆಡವಿದರು, ಯಾಕೆ ಪಾಳು ಬಿಟ್ಟರು ಅಂತ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಬೇರೆ ಇದೆ.

ಚಿಕ್ಕದಾಗಿ ಹೇಳಿ, ಯಾಕೆ?

ದೊಡ್ಡ ಕಾರಣ ಎರಡು. ಗೆದ್ದವನ ಕೈಗೆ ಬರುವ ಹೊತ್ತಿಗೆ ಹಳೆ ಅರಮನೆ ಇರಲು ಯೋಗ್ಯವಾಗಿ ಉಳಿದಿರುತ್ತಿದ್ದುದೇ ಕಡಿಮೆ. ಉಳಿದಿದ್ದರೂ ಅದು ಇನ್ನೊಬ್ಬನ ಆಡಳಿತಕ್ಕೆ, ಇನ್ನೊಬ್ಬನ ಪೂಜೆಗೆ, ಇನ್ನೊಬ್ಬನ ಕುಟುಂಬಕ್ಕೆ ಅಂತ ಕಟ್ಟಿದ್ದು. ಹೆಸರಿನ ಆಸೆ, ಹಳಬರ ಗುರುತು ಅಳಿಸುವ ಹಟ ಇವೂ ಇದ್ದವು. ಆದರೆ ಎಲ್ಲದಕ್ಕೂ ರಾಜನ ಜಂಬವೇ ಕಾರಣ ಅಂದುಬಿಟ್ಟರೆ ವಿಷಯದ ಮುಕ್ಕಾಲು ಭಾಗ ಕೈಬಿಟ್ಟು ಹೋಗುತ್ತದೆ.

ಕಲ್ಲಿನ ಅರಮನೆ ಅಷ್ಟು ಬೇಗ ಹಾಳಾಗುತ್ತದಾ?

ನಮ್ಮ ಕಡೆಯ ಅರಮನೆಗಳು ಬಹುತೇಕ ಕಲ್ಲಿನವು ಆಗಿರಲಿಲ್ಲ. ಗುಡಿಗೆ ಕಲ್ಲು, ಮನೆಗೆ ಮರ. ರಾಜನ ಮನೆಗೂ ಅದೇ ಪದ್ಧತಿ.

ಹಂಪಿಯಲ್ಲಿ ಅರಮನೆಗಳ ಆವರಣಕ್ಕೆ ಹೋದಾಗ ಇದನ್ನು ಕಣ್ಣಾರೆ ನೋಡಬಹುದು. ಮಹಾನವಮಿ ದಿಬ್ಬದ ಮೇಲೆ ನಿಂತು ಸುತ್ತ ನೋಡಿದರೆ ಬರೀ ಜಗಲಿಗಳೇ ಕಾಣುತ್ತವೆ. ಹತ್ತಿರ ಹೋಗಿ ನೋಡಿ. ಒಂದು ಜಗಲಿಗಿಂತ ಇನ್ನೊಂದು ಎತ್ತರ, ಮಧ್ಯೆ ಮೆಟ್ಟಿಲು, ಅಲ್ಲಲ್ಲಿ ಗಾರೆ ನೆಲದ ತುಂಡು, ಕಂಬ ನಿಲ್ಲಿಸಲು ಇಟ್ಟ ಕಲ್ಲು. ಅವೇ ವಿಜಯನಗರದ ಅರಸರ ಅರಮನೆಗಳು. ಮೇಲಿದ್ದ ಮರದ ಕಂಬ, ತೊಲೆ, ಇಟ್ಟಿಗೆ ಗೋಡೆ ಎಲ್ಲ ಬೆಂಕಿಗೂ ಮಳೆಗೂ ಹೋದವು. ಕಮಲ ಮಹಲ್, ಆನೆ ಲಾಯ ಉಳಿದದ್ದು ಅವುಗಳ ಕಮಾನು, ಗುಮ್ಮಟ ಎಲ್ಲ ಕಲ್ಲು ಗಾರೆಯದ್ದಾಗಿದ್ದರಿಂದ. ತುಂಬಾ ಜನ ಈ ಜಗಲಿಗಳನ್ನು ದಾಟಿಕೊಂಡು ಕಮಲ ಮಹಲಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತಾರೆ. ನಿಜವಾದ ಅರಮನೆ ಕಾಲ ಕೆಳಗೇ ಇತ್ತು ಅಂತ ಯಾರೂ ಹೇಳಿರುವುದಿಲ್ಲ. ಅದು ನನಗೆ ತುಂಬಾ ಬೇಸರದ ಸಂಗತಿ.

ಬಿಜಾಪುರದ ಗಗನ ಮಹಲಿನದೂ ಅದೇ ಕತೆ. ಒಂದನೆಯ ಅಲಿ ಆದಿಲ್ ಶಾಹ 1561ರ ಸುಮಾರಿಗೆ ಕಟ್ಟಿಸಿದ್ದು. ಕೆಳಗೆ ದರ್ಬಾರು, ಮೇಲೆ ವಾಸ. ಈಗ ಆ ದೊಡ್ಡ ಕಮಾನು ಮಾತ್ರ ನಿಂತಿದೆ. ಮೇಲಂತಸ್ತು ಹೊತ್ತಿದ್ದ ಮರವೆಲ್ಲ ಹೋಗಿದೆ.

ಯುದ್ಧವೇ ಬೇಕಂತಿಲ್ಲ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ. ಇನ್ನು ಜನ ಬಿಟ್ಟುಹೋದ ಅರಮನೆ ನಾಲ್ಕಾರು ಮಳೆಗಾಲದಲ್ಲೇ ಸೊರಗುತ್ತದೆ. ತಾರಸಿಯ ಬಿರುಕಿನಲ್ಲಿ ಅರಳಿ ಗಿಡ ಹುಟ್ಟುತ್ತದೆ, ನೀರು ಇಳಿಯುತ್ತದೆ, ತೊಲೆಗೆ ಗೆದ್ದಲು ಹಿಡಿಯುತ್ತದೆ.

1565ರ ತಾಳಿಕೋಟೆ ಯುದ್ಧದಲ್ಲಿ ಗೆದ್ದ ಸುಲ್ತಾನರು ವಿಜಯನಗರದಲ್ಲೇ ಯಾಕೆ ಕೂರಲಿಲ್ಲ?

ಗೆದ್ದವನು ಒಬ್ಬ ಆಗಿರಲಿಲ್ಲ. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಸೇರಿ ಹೋರಾಡಿದ್ದು. ಅವರಲ್ಲಿ ಒಬ್ಬ ಆ ಊರಿನಲ್ಲಿ ಕೂತರೆ ಉಳಿದವರು ಸುಮ್ನೆ ಬಿಡುತ್ತಿರಲಿಲ್ಲ. ಎಲ್ಲರಿಗೂ ಅವರವರ ರಾಜಧಾನಿ ಆಗಲೇ ಇತ್ತು. ಹಾಗಾಗಿ ಸಿಕ್ಕಿದ ಸಂಪತ್ತನ್ನು ಊರಿಗೆ ಹೊತ್ತುಕೊಂಡು ಹೋದರು. ಆಮೇಲಿನ ವರ್ಷಗಳಲ್ಲಿ ಬಿಜಾಪುರದಲ್ಲಿ ಎದ್ದ ದೊಡ್ಡ ಕಟ್ಟಡಗಳ ಹಿಂದೆ ಈ ಗೆಲುವಿನ ಬಲವಿದೆ.

ಸೋತವರಿಗೂ ಆ ಊರು ದಕ್ಕಲಿಲ್ಲ. ರಾಮರಾಯನ ತಮ್ಮ ತಿರುಮಲ ಮತ್ತೆ ಅಲ್ಲಿ ನೆಲೆಯೂರಲು ನೋಡಿದ. ಆಗದೆ ಪೆನುಕೊಂಡಕ್ಕೆ ಹೋದ. ಜನ ಚದುರಿದ ಮೇಲೆ, ಪೇಟೆ ಮುಚ್ಚಿದ ಮೇಲೆ, ಕಾಲುವೆ ನೋಡಿಕೊಳ್ಳುವವರು ಇಲ್ಲದ ಮೇಲೆ ಅರಮನೆಯೊಂದನ್ನು ರಿಪೇರಿ ಮಾಡಿ ಏನು ಪ್ರಯೋಜನ? ಅರಮನೆ ನಡೆಯುವುದು ಊರಿನಿಂದ.

ಬಿಜಾಪುರದ ಸರದಿ 1686ರಲ್ಲಿ ಬಂತು. ಔರಂಗಜೇಬ್ ಅದನ್ನು ಗೆದ್ದ. ಅವನೂ ಆದಿಲ್ ಶಾಹಿಗಳ ಅರಮನೆಯನ್ನು ತನ್ನ ನೆಲೆ ಮಾಡಿಕೊಳ್ಳಲಿಲ್ಲ. ಮರಾಠರ ಬೆನ್ನು ಹತ್ತಿ ವರ್ಷಗಟ್ಟಲೆ ಡೇರೆಗಳಲ್ಲೇ ದರ್ಬಾರು ನಡೆಸಿದ. ಇಟಲಿಯ ಪ್ರವಾಸಿ ಗೆಮೆಲ್ಲಿ ಕರೇರಿ 1695ರಲ್ಲಿ ಅವನನ್ನು ಕಂಡದ್ದು ಕೃಷ್ಣಾ ದಂಡೆಯ ಗಲಗಲಿಯ ಪಾಳೆಯದಲ್ಲಿ. ಗಲಗಲಿ ಈಗ ಬಾಗಲಕೋಟೆ ಜಿಲ್ಲೆಯ ಒಂದು ಊರು. ಹಿಂದೂಸ್ಥಾನದ ಬಾದಶಹನ ಆಸ್ಥಾನ ಅಲ್ಲಿ ಬಟ್ಟೆಯ ಗೋಡೆಗಳ ನಡುವೆ ನಡೆಯುತ್ತಿತ್ತು ಅಂದರೆ ನಂಬುವುದು ಕಷ್ಟ, ಅಲ್ವಾ?

ಗಟ್ಟಿಯಾಗಿ ನಿಂತಿದ್ದ ಅರಮನೆಯನ್ನೂ ಬಿಟ್ಟಿದ್ದಾರಲ್ಲ?

ಹೌದು. ಅಲ್ಲಿ ಎರಡನೆಯ ಕಾರಣ ಬರುತ್ತದೆ. ಅರಮನೆ ಅಂದರೆ ಮಲಗುವ ಕೋಣೆ, ಊಟದ ಹಜಾರ ಅಷ್ಟೇ ಅಲ್ಲ. ಖಜಾನೆ, ಲೆಕ್ಕಪತ್ರದ ಕಚೇರಿ, ಆಯುಧಶಾಲೆ, ಆನೆ ಕುದುರೆ ಲಾಯ, ಅಡುಗೆ ಮನೆ, ದೇವರ ಮನೆ, ರಾಣಿವಾಸ, ಕಾವಲುಗಾರರ ಸಾಲು ಎಲ್ಲವೂ ಒಂದೇ ಗೋಡೆಯೊಳಗೆ. ಯಾರು ಯಾವ ಬಾಗಿಲಿನವರೆಗೆ ಬರಬಹುದು, ರಾಜನ ಮುಖ ಯಾರಿಗೆ ಎಷ್ಟು ದೂರದಿಂದ ಕಾಣಬೇಕು ಎಂಬುದೆಲ್ಲ ಕಟ್ಟಡದಲ್ಲೇ ತೀರ್ಮಾನವಾಗಿರುತ್ತಿತ್ತು. ಮೊಗಲ್ ಬಾದಶಹ ಬೆಳಿಗ್ಗೆ ಝರೋಕಾದಲ್ಲಿ, ಅಂದರೆ ಹೊರಚಾಚಿದ ಕಿಟಕಿಯಲ್ಲಿ, ಜನರಿಗೆ ಕಾಣಿಸಿಕೊಳ್ಳಬೇಕು. ವಿಜಯನಗರದ ಅರಸ ಮಹಾನವಮಿಗೆ ದಿಬ್ಬದ ಮೇಲೆ ಕೂತು ಸೈನ್ಯ ಹೋಗುವುದನ್ನು ನೋಡಬೇಕು. ಒಬ್ಬರಿಗೆ ಕಟ್ಟಿದ್ದು ಇನ್ನೊಬ್ಬರ ಪದ್ಧತಿಗೆ ಹೊಂದುವುದಿಲ್ಲ.

ಬಾಬರನದು ಒಳ್ಳೆಯ ಉದಾಹರಣೆ. 1526ರಲ್ಲಿ ಪಾಣಿಪತ್ತಿನಲ್ಲಿ ಗೆದ್ದು ಆಗ್ರಾಕ್ಕೆ ಬಂದಾಗ ಇಬ್ರಾಹಿಂ ಲೋದಿಯ ಅರಮನೆ ಅವನಿಗೆ ಸಿಕ್ಕಿತು. ಅದರಲ್ಲಿ ಇದ್ದ ಕೂಡ. ಆದರೆ ಮನಸ್ಸು ಒಗ್ಗಲಿಲ್ಲ. ಈ ದೇಶದಲ್ಲಿ ಹರಿಯುವ ನೀರಿನ ತೋಟ ಇಲ್ಲ, ಸ್ನಾನಗೃಹ ಇಲ್ಲ ಅಂತ ತನ್ನ ದಿನಚರಿಯಲ್ಲಿ ಗೊಣಗಿದ್ದಾನೆ. ಬೇಗನೇ ಯಮುನೆಯ ಆಚೆ ದಡದಲ್ಲಿ ಬಾವಿ ತೋಡಿಸಿ, ಸ್ನಾನದ ಮನೆ ಕಟ್ಟಿಸಿ, ತೋಟ ಹಾಕಿಸಿದ. ಅವನ ಮೊಮ್ಮಗ ಅಕ್ಬರ್ 1565ರಲ್ಲಿ ಹಳೆಯ ಇಟ್ಟಿಗೆ ಕೋಟೆಯನ್ನೇ ತೆಗೆಸಿ ಕೆಂಪು ಕಲ್ಲಿನ ಆಗ್ರಾ ಕೋಟೆಗೆ ಕೈಹಾಕಿದ.

ಫಿರಂಗಿಗಳು ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಹಳೆ ಕಾಲದ ಎಷ್ಟೋ ಕೋಟೆಗಳು ಗುಂಡಿನ ಏಟಿಗೆ ತಡೆಯುತ್ತಿರಲಿಲ್ಲ. ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಹಾಕಿದ್ದು ಮಣ್ಣಿನ ಕೋಟೆ. ಹೈದರ್ ಅಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಒಳಗಿನ ಅರಮನೆ 1781ರಲ್ಲಿ ಶುರುವಾಗಿ ಟಿಪ್ಪುವಿನ ಕಾಲದಲ್ಲಿ, 1791ಕ್ಕೆ ಮುಗಿಯಿತು.

ಶ್ರೀರಂಗಪಟ್ಟಣ, ಮೈಸೂರಿನಲ್ಲಿ ನಿಜಕ್ಕೂ ಏನಾಯಿತು?

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಯಾಕೆಂದರೆ ಈ ವಿಷಯದ ಎಲ್ಲ ಎಳೆಗಳೂ ಹದಿನೈದು ಕಿಲೋಮೀಟರ್ ಚಿಲ್ಲರೆ ಅಂತರದ ಈ ಎರಡು ಊರುಗಳಲ್ಲಿ ಸಿಗುತ್ತವೆ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನಿಂದ ಶ್ರೀರಂಗಪಟ್ಟಣ ಪಡೆದರು. ರಾಜಧಾನಿಯನ್ನು ಮೈಸೂರಿನಿಂದ ಅಲ್ಲಿಗೇ ಸಾಗಿಸಿದರು. ಸುತ್ತ ಕಾವೇರಿ, ಒಳಗೆ ರಂಗನಾಥನ ಗುಡಿ, ಸಿದ್ಧವಿದ್ದ ಕೋಟೆ. ಅಂಥ ಜಾಗ ಬಿಟ್ಟು ಬೇರೆ ಕಡೆ ಕಟ್ಟುವ ಅಗತ್ಯ ಅವರಿಗೆ ಕಾಣಲಿಲ್ಲ. ಅಂದರೆ ಗೆದ್ದವರು ಹಳೆಯದನ್ನೇ ಬಳಸಿಕೊಂಡ ಉದಾಹರಣೆ ನಮ್ಮ ಮನೆಬಾಗಿಲಲ್ಲೇ ಇದೆ.

1761ರಲ್ಲಿ ಅಧಿಕಾರ ಹೈದರನ ಕೈಗೆ ಹೋಯಿತು. ಅವನು ಅರಸರ ಅರಮನೆಗೆ ಹೋಗಿ ಕೂರಲಿಲ್ಲ, ಕೂರುವಂತೆಯೂ ಇರಲಿಲ್ಲ. ಹೆಸರಿಗೆ ಒಡೆಯರೇ ರಾಜರು. ದಸರೆಯಲ್ಲಿ ಅರಸರು ಜನರಿಗೆ ದರ್ಶನ ಕೊಡಬೇಕಿತ್ತು. ಹಾಗಾಗಿ ಅರಸರು ಅವರ ಅರಮನೆಯಲ್ಲೇ ಉಳಿದರು, ಅಧಿಕಾರ ಬೇರೆ ಕಡೆಯಿಂದ ನಡೆಯಿತು. ಟಿಪ್ಪು ಕೋಟೆಯೊಳಗೆ ಲಾಲ್ ಮಹಲ್‌ನಲ್ಲಿದ್ದ. ಹೊರಗೆ ಕಾವೇರಿ ಪಕ್ಕ 1784ರಲ್ಲಿ ದರಿಯಾ ದೌಲತ್ ಕಟ್ಟಿಸಿದ. 1796ರಲ್ಲಿ ಆಗಿನ ಅರಸರು ತೀರಿಕೊಂಡ ಮೇಲೆ ಅವನು ಇನ್ನೊಬ್ಬರನ್ನು ಪಟ್ಟಕ್ಕೆ ಕೂರಿಸಲಿಲ್ಲ. ರಾಜಕುಟುಂಬ ಅರಮನೆಯಿಂದ ಸಣ್ಣ ಮನೆಯೊಂದಕ್ಕೆ ಹೋಗಬೇಕಾಯಿತು.

ಈ ನಡುವೆ, 1787ರ ಹೊತ್ತಿಗೆ, ಟಿಪ್ಪು ಮೈಸೂರಿನ ಹಳೆ ಕೋಟೆಯನ್ನು ಕೆಡವಿಸಿದ್ದ. ಅದರ ಕಲ್ಲುಗಳನ್ನು ಪೂರ್ವಕ್ಕೆ ಸುಮಾರು ಒಂದು ಮೈಲಿ ದೂರದ ದಿಣ್ಣೆಗೆ ಸಾಗಿಸಿ ಅಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟ. ಅದೇ ನಜರಬಾದ್. ಮೈಸೂರಿನ ಬಡಾವಣೆಯ ಹೆಸರಾಗಿ ಅದು ಈಗಲೂ ಉಳಿದಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟುವುದು ಎಂದಾಯಿತು. ಆದರೆ ಮೈಸೂರಿನಲ್ಲಿ ಅರಮನೆಯೇ ಇಲ್ಲ! ಜೂನ್ 30ರಂದು ಪಟ್ಟಾಭಿಷೇಕ ಚಪ್ಪರದಡಿ ನಡೆಯಿತು. ಆಮೇಲೆ ನಜರಬಾದಿಗೆ ಹೋಗಿದ್ದ ಕಲ್ಲುಗಳನ್ನೇ ವಾಪಸು ತಂದು ಮೈಸೂರಿನ ಕೋಟೆ ಕಟ್ಟಿದರು. ಹನ್ನೆರಡು ಹದಿಮೂರು ವರ್ಷಗಳಲ್ಲಿ ಅದೇ ಕಲ್ಲು ಒಂದು ಮೈಲಿ ಹೋಗಿ, ಒಂದು ಮೈಲಿ ಬಂತು. ಹೊತ್ತವರ ಹೆಸರು ಎಲ್ಲೂ ಇಲ್ಲ. ಕೆಡವಿದವರ, ಕಟ್ಟಿಸಿದವರ ಹೆಸರು ಮಾತ್ರ ನಾವು ಹೇಳುತ್ತೇವೆ.

ಆಗ ಮರದಲ್ಲಿ ಎದ್ದ ಅರಮನೆಯೇ 1897ರಲ್ಲಿ ಸುಟ್ಟಿದ್ದು. ಈಗ ನಾವು ನೋಡುವುದು ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ, 1912ರಲ್ಲಿ ಮುಗಿದ ಕಟ್ಟಡ. ಖರ್ಚು ಸುಮಾರು 42 ಲಕ್ಷ ರೂಪಾಯಿ. ಈ ಸಲ ಮರವನ್ನೇ ನಂಬಲಿಲ್ಲ. ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬ ಬಳಸಿದರು.

ಟಿಪ್ಪುವಿನ ಅರಮನೆಗಳನ್ನು ಇಂಗ್ಲಿಷರು ಬಳಸಿಕೊಂಡರಾ?

ಕೆಲವನ್ನು. ದರಿಯಾ ದೌಲತ್‌ನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ. ಹಾಗಾಗಿ ಅದು ಉಳಿಯಿತು. ಲಾಲ್ ಮಹಲ್ ಉಳಿಯಲಿಲ್ಲ, ಕೆಡವಿದರು. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ ತಡೆಯಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ದಂಡು ಹೋದ ಮೇಲೆ ಊರಿನ ಕಳೆಯೇ ಹೋಯಿತು.

ಬೆಂಗಳೂರಿನ ಅರಮನೆಯ ಕತೆ ನನಗೆ ಎಲ್ಲಕ್ಕಿಂತ ಇಷ್ಟ. 1831ರಲ್ಲಿ ಮೈಸೂರಿನ ಆಡಳಿತ ಕಮಿಷನರ್ ಕೈಗೆ ಹೋದಾಗ ಸರ್ಕಾರಿ ಕಚೇರಿಗಳು ಟಿಪ್ಪುವಿನ ಈ ಮರದ ಅರಮನೆಯಲ್ಲೇ ಕೂತವು. ತೇಗದ ಕಂಬಗಳ ನಡುವೆ ಗುಮಾಸ್ತರು, ಕಡತಗಳು. ಜಾಗ ಸಾಲದೆ 1868ರಲ್ಲಿ ಅಠಾರಾ ಕಚೇರಿ ಕಟ್ಟಿದರು. ಅದೂ ಸಾಲದೆ, ನಮ್ಮದೇ ಶೈಲಿಯ ಕಟ್ಟಡ ಬೇಕು ಎಂಬ ಕೆಂಗಲ್ ಹನುಮಂತಯ್ಯನವರ ಹಟವೂ ಸೇರಿ, 1956ರಲ್ಲಿ ಎದುರಿಗೇ ವಿಧಾನಸೌಧ ಎದ್ದಿತು. ಅಠಾರಾ ಕಚೇರಿಗೆ ಹೈಕೋರ್ಟ್ ಬಂತು. ಅರಮನೆ, ಕಚೇರಿ, ಸೌಧ, ಮೂರರಲ್ಲೂ ನಡೆದದ್ದು ಒಂದೇ ಕೆಲಸ.

ಹಳೆ ಅರಮನೆಯಲ್ಲಿ ಇರಲು ಭಯವೂ ಇತ್ತಾ?

ಖಂಡಿತ. ಕಳ್ಳದಾರಿ ಎಲ್ಲಿದೆ, ಯಾವ ಬಾಗಿಲಿನ ಅಗುಳಿ ಸಡಿಲ, ಅಡುಗೆ ಮನೆಯಿಂದ ಮಲಗುವ ಕೋಣೆಗೆ ಯಾವ ದಾರಿ ಎಂಬುದು ಹಳೆ ನೌಕರರಿಗೆ ಗೊತ್ತು, ಹೊಸ ರಾಜನಿಗೆ ಗೊತ್ತಿಲ್ಲ. ಊರಿನ ಜನ ಹಳೆ ಮನೆತನದ ಕಡೆ. ಅಂಥ ಕಡೆ ನೆಮ್ಮದಿಯಾಗಿ ನಿದ್ದೆ ಬರುವುದಾದರೂ ಹೇಗೆ?

ಅಪಶಕುನದ ನಂಬಿಕೆ?

ಅದೂ ಇತ್ತು, ಎಲ್ಲ ದೇಶದಲ್ಲೂ. ಅಸ್ಸೀರಿಯಾದ ಎರಡನೆಯ ಸರ್ಗೋನ್ ಈಗಿನ ಇರಾಕಿನ ಖೋರ್ಸಾಬಾದ್‌ನಲ್ಲಿ ಹೊಸ ರಾಜಧಾನಿಯನ್ನೇ ಕಟ್ಟಿಸಿದ. ಕ್ರಿ.ಪೂ. 706ರಲ್ಲಿ ಪ್ರವೇಶವಾಯಿತು. ಮರುವರ್ಷವೇ ಯುದ್ಧದಲ್ಲಿ ಸತ್ತ, ಶವವೂ ಸಿಗಲಿಲ್ಲ. ಮಗ ಸೆನ್ನಾಕೆರಿಬ್ ಅಪ್ಪನ ಊರನ್ನು ಬಿಟ್ಟು ನಿನೆವೆಗೆ ಹೋದ. ಸ್ವಂತ ಮಗನೇ ಹೀಗೆ ಮಾಡಿದ ಅಂದ ಮೇಲೆ ಹೊರಗಿನಿಂದ ಬಂದವನಿಗೆ ಸೋತ ರಾಜನ ಮನೆ ಒಳ್ಳೆಯದು ಅನ್ನಿಸುವುದು ಕಷ್ಟ.

ಬೇಕಂತಲೇ ಅವಮಾನ ಮಾಡಲು ಕೆಡವಿದ್ದು ಇಲ್ಲವಾ?

ಇದೆ, ಮುಚ್ಚಿಡುವುದು ಬೇಡ. ಚೋಳ ರಾಜಾಧಿರಾಜ 11ನೇ ಶತಮಾನದಲ್ಲಿ ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿಂದ ಒಂದು ದ್ವಾರಪಾಲಕನ ವಿಗ್ರಹ ಹೊತ್ತೊಯ್ದ. ಕಲ್ಯಾಣಪುರ ಸುಟ್ಟು ತಂದದ್ದು ಅಂತ ಅದರ ಮೇಲೆಯೇ ತಮಿಳಿನಲ್ಲಿ ಕೆತ್ತಿಸಿದ. ವಿಗ್ರಹ ಈಗ ತಂಜಾವೂರಿನಲ್ಲಿದೆ. ನಮ್ಮ ಬಸವಕಲ್ಯಾಣದ ಬಾಗಿಲು ಕಾಯುತ್ತಿದ್ದವನು ಅಲ್ಲಿ ನಿಂತಿದ್ದಾನೆ.

1857ರ ದಂಗೆಯ ನಂತರ ಇಂಗ್ಲಿಷರು ದೆಹಲಿಯ ಕೆಂಪುಕೋಟೆಯೊಳಗಿನ ಅರಮನೆಯ ಹೆಚ್ಚಿನ ಭಾಗ ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು. ಕೊರಿಯಾದಲ್ಲಿ ಜಪಾನಿಯರು ಇನ್ನೂ ಲೆಕ್ಕ ಹಾಕಿ ಮಾಡಿದರು. ಸೋಲ್‌ನ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಕಟ್ಟಡಗಳನ್ನು ಕೆಡವಿ, ಉಳಿದ ಸಿಂಹಾಸನದ ಹಜಾರ ಊರಿನ ಕಡೆಯಿಂದ ಕಾಣದಂತೆ ಅದರ ಮುಂದೆಯೇ ತಮ್ಮ ಆಡಳಿತ ಕಚೇರಿ ಎಬ್ಬಿಸಿದರು. ಅದು 1926ರಲ್ಲಿ ಮುಗಿಯಿತು. ಕೊರಿಯನ್ನರು ಅದನ್ನು 1995ರಿಂದ ಕೆಡವಲು ಶುರುಮಾಡಿ ಮರುವರ್ಷ ಪೂರ್ತಿ ತೆಗೆದರು.

ಹಳೆ ಅರಮನೆಯನ್ನೇ ಇಟ್ಟುಕೊಂಡವರು ಯಾರಾದರೂ ಇದ್ದಾರಾ?

ಬೇಕಾದಷ್ಟು ಜನ. ಅಲೆಕ್ಸಾಂಡರ್ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್ ಸುಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತದ್ದು ಬ್ಯಾಬಿಲೋನಿನಲ್ಲಿ, ಅಲ್ಲಿನ ಹಿಂದಿನ ರಾಜ ನೆಬುಕಡ್ನೆಝರನ ಹಳೆ ಅರಮನೆಯಲ್ಲಿ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿದ್ದಾನೆ.

ಚೀನಾದಲ್ಲಿ ಮಿಂಗ್ ರಾಜರು ಮಂಗೋಲರ ಅರಮನೆ ಕೆಡವಿಸಿದರು, 1420ಕ್ಕೆ ಬೀಜಿಂಗ್‌ನಲ್ಲಿ ತಮ್ಮದನ್ನು ಕಟ್ಟಿ ಮುಗಿಸಿದರು. 1644ರಲ್ಲಿ ಬಂದ ಮಂಚೂ ರಾಜರು ಮಾತ್ರ ಆ ಅರಮನೆಯನ್ನೇ ಇಟ್ಟುಕೊಂಡರು. ಸುಟ್ಟಿದ್ದ ಭಾಗಗಳನ್ನು ರಿಪೇರಿ ಮಾಡಿ, ಬಾಗಿಲ ಫಲಕಗಳಲ್ಲಿ ತಮ್ಮ ಲಿಪಿ ಸೇರಿಸಿದರು. ಮಹಾರಾಣಿಯ ಅರಮನೆಯಾಗಿದ್ದ ಕಡೆ ತಮ್ಮ ದೇವರ ಪೂಜೆಗೆ ಜಾಗ ಮಾಡಿಕೊಂಡರು. ದೊಡ್ಡ ದೇಶವನ್ನು ಹಳೆ ಅಧಿಕಾರಿಗಳ ಕೈಯಲ್ಲೇ ಆಳಬೇಕಿದ್ದವರಿಗೆ ಹಳೆ ಅರಮನೆ ಲಾಭದ್ದು.

ನಮ್ಮ ಬೀದರಿನಲ್ಲೂ ಹೀಗೇ ಆಯಿತು. ಬಹಮನಿಗಳ ಮಂತ್ರಿಗಳಾಗಿದ್ದ ಬರೀದರು ಕೊನೆಗೆ ತಾವೇ ಸುಲ್ತಾನರಾದರು. ಕೋಟೆ ಬದಲಿಸಲಿಲ್ಲ. 16ನೇ ಶತಮಾನದಲ್ಲಿ ಅಲಿ ಬರೀದ್ ರಂಗೀನ್ ಮಹಲ್ ಎಂಬ ಹಳೆ ಅರಮನೆಗೆ ಕೆತ್ತಿದ ಮರದ ಕಂಬಗಳನ್ನೂ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಕುಸುರಿಯನ್ನೂ ಮಾಡಿಸಿದ. ಒಳಗಿನವನೇ ಅಧಿಕಾರ ಹಿಡಿದಾಗ ಮನೆ ಉಳಿಯುವುದು ಜಾಸ್ತಿ. ಅವನಿಗೆ ಆ ಗೋಡೆಗಳ ಭಯ ಇರುವುದಿಲ್ಲ.

ಸ್ಪೇನಿನಲ್ಲಿ 1492ರಲ್ಲಿ ಗ್ರನಾಡಾ ಗೆದ್ದ ರಾಜ ರಾಣಿಯರು ಸೋತ ಮುಸ್ಲಿಂ ಅರಸರ ಅಲ್‌ಹಂಬ್ರಾ ಅರಮನೆಯನ್ನು ಉಳಿಸಿಕೊಂಡರು. ಮೊಮ್ಮಗ ಐದನೆಯ ಚಾರ್ಲ್ಸ್ 1527ರಲ್ಲಿ ಅದರ ಪಕ್ಕಕ್ಕೇ ಭಾರಿ ಕಟ್ಟಡ ಶುರುಮಾಡಿಸಿದ. ಅದಕ್ಕೆ ಪೂರ್ತಿ ಚಾವಣಿ ಹೊದಿಸಲು 20ನೇ ಶತಮಾನವೇ ಬೇಕಾಯಿತು.

ಹಳೆ ಅರಮನೆಯ ಸಾಮಾನೆಲ್ಲ ವ್ಯರ್ಥವಾಯಿತಾ?

ಇಲ್ಲ. ಕಡಿದ ಕಲ್ಲು, ಹದವಾಗಿ ಒಣಗಿದ ತೇಗ ಅಂದರೆ ದುಡ್ಡು. ಯಾರೂ ಬಿಸಾಡುತ್ತಿರಲಿಲ್ಲ. ಊಟಿಯಲ್ಲಿ 1830ರ ಸುಮಾರಿಗೆ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ತೊಲೆಗಳು ಹೋದದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ. ಘಾಟಿ ಹತ್ತಿಸಿ ಅಷ್ಟು ದೂರ ಸಾಗಿಸಿದ್ದಾರೆ. ಮೆಕ್ಸಿಕೋ ಗೆದ್ದ ಸ್ಪೇನಿನ ಕೊರ್ಟೆಸ್ ತನ್ನ ಮನೆ ಎಬ್ಬಿಸಿದ್ದು ಸೋತ ಅಜ್ಟೆಕ್ ದೊರೆ ಮೊಕ್ಟೆಝುಮಾನ ಅರಮನೆ ಇದ್ದ ಜಾಗದಲ್ಲೇ. ಈಗಿನ ಅಲ್ಲಿನ ರಾಷ್ಟ್ರೀಯ ಅರಮನೆ ಇರುವುದೂ ಅಲ್ಲೇ. ಕುಶಲಕರ್ಮಿಗಳನ್ನೂ ಹೀಗೇ ಸಾಗಿಸುತ್ತಿದ್ದರು. ತೈಮೂರ್ 1398ರಲ್ಲಿ ದೆಹಲಿ ಕೊಳ್ಳೆ ಹೊಡೆದಾಗ ಕಲ್ಲುಕುಟಿಗರನ್ನು ಸಮರ್‌ಖಂಡಕ್ಕೆ ಎಳೆದುಕೊಂಡು ಹೋದ.

ಇದನ್ನೆಲ್ಲ ನೋಡಬೇಕಾದರೆ ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು?

ಮೊದಲು ಹಂಪಿಯ ಜಗಲಿಗಳು. ಆತುರ ಬೇಡ, ಒಂದು ಪೂರ್ತಿ ಬೆಳಿಗ್ಗೆ ಇಟ್ಟುಕೊಳ್ಳಿ. ಆಮೇಲೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಹತ್ತಿರದ ಟಿಪ್ಪು ಅರಮನೆ. ಮರದ ಅರಮನೆ ಹೇಗಿರುತ್ತಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಜಾಗ ಹತ್ತಿರದಲ್ಲಿ ಇಲ್ಲ. ಒಂದೊಂದು ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿರುವುದನ್ನು ನೋಡಿ. ಹಂಪಿಯ ಜಗಲಿಗಳ ಮೇಲೆ ಏನಿತ್ತು ಅಂತ ಆಗ ಊಹಿಸುವುದು ಸುಲಭ. ಮೂರನೆಯದು ಬೀದರ್ ಕೋಟೆ. ರಂಗೀನ್ ಮಹಲಿಗೆ ಹಲವು ಸಲ ಬೀಗ ಹಾಕಿರುತ್ತಾರೆ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.